ತಾಂಗ್ ಮೇಷ್ಟ್ರ ನಾಲ್ಕು ಡಬ್ಬಿ ಸಿನಿಮಾ

ನವೆಂಬರ್‌ನ ಎರಡನೇ ಶನಿವಾರ ಬೆಳಿಗ್ಗೆ ಏಳೂವರೆಗೆ ಶಿಕಾಗೋ ಹೊರವಲಯದ ಗ್ಲೆಂಡೇಲ್ ಹೈಟ್ಸ್‌ನ ಮನೆಯಿಂದ ಕಾರು ತೆಗೆದೆ. ಮೊದಲು ಹೋಗಬೇಕಾದ್ದು ಸ್ಕೋಕಿಗೆ, ಇಪ್ಪತ್ತೈದು ಮೈಲಿ. ವಾರದ ದಿನವಾದರೆ ಈ ದಾರಿ ಜೀವ ಹಿಂಡುತ್ತದೆ. ಶನಿವಾರವಾದ್ದರಿಂದ ಮುಕ್ಕಾಲು ಗಂಟೆಯಲ್ಲಿ ಮುಟ್ಟಿದೆ. ಹೊರಗೆ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಮೂವತ್ತೆಂಟು ಡಿಗ್ರಿ ಚಳಿ, ಜಿನುಗು ಮಳೆ. ಹಿಂದಿನ ಸೀಟಿನಲ್ಲಿ ಪುಳಿಯೋಗರೆ, ಮೊಸರನ್ನ, ಎರಡು ಕಂಬಳಿ, ಒಂದು ಫ್ಲಾಸ್ಕ್ ಕಾಫಿ. ದಾರಿಯಲ್ಲಿ ಹೋಟೆಲುಗಳಿಗೇನೂ ಬರವಿಲ್ಲ, ಆದರೂ ಮೈಸೂರಿನವಳಾದ ನನಗೆ ಬುತ್ತಿ ಕಟ್ಟದೆ ಪ್ರಯಾಣ ಹೊರಟು ಅಭ್ಯಾಸವಿಲ್ಲ.

ಸ್ಕೋಕಿಯಲ್ಲಿ ತಾಂಗ್ ಮೇಷ್ಟ್ರು ಮತ್ತು ಅವರ ಮಗಳು ಯಾನ್ ಅಪಾರ್ಟ್‌ಮೆಂಟಿನ ಬಾಗಿಲಲ್ಲೇ ನಿಂತಿದ್ದರು. ಮೇಷ್ಟ್ರಿಗೆ ಎಂಬತ್ತೆರಡು ವರ್ಷ. ಚೀನಾದಲ್ಲಿ ಬಹಳ ವರ್ಷ ನಾಟಕ ಆಡಿಸಿದವರು, ಒಂದೇ ಒಂದು ಸಿನಿಮಾ ತೆಗೆದವರು. ಆ ಸಿನಿಮಾದ ಒಂದು ಪ್ರಿಂಟು ನಾಲ್ಕು ತಗಡಿನ ಡಬ್ಬಿಗಳಲ್ಲಿ ಮೂವತ್ತು ವರ್ಷದಿಂದ ಮಿಷಿಗನ್‌ನ ವಿಕ್ಸಮ್ ಊರಿನಲ್ಲಿ, ಕನ್ನಡದವರೊಬ್ಬರ ಮನೆಯ ಬೇಸ್‌ಮೆಂಟಿನಲ್ಲಿ ಕೂತಿದೆ. ಬೇರೆ ಪ್ರಿಂಟು ಎಲ್ಲಾದರೂ ಉಳಿದಿದೆಯೋ ಇಲ್ಲವೋ ಅವರಿಗೆ ಗೊತ್ತಿಲ್ಲ. ಅದನ್ನು ನೋಡಲೆಂದೇ ಈ ಪ್ರಯಾಣ.

ಮೇಷ್ಟ್ರ ಕಣ್ಣಿನ ನಡುಭಾಗದ ದೃಷ್ಟಿ ಹೋಗುತ್ತಿದೆ. ಚಳಿಗಾಲ ಮುಗಿಯುವ ಹೊತ್ತಿಗೆ ಮುಖಗಳ ಗುರುತು ಸಿಗಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಆ ಸಿನಿಮಾದ ನಾಯಕಿ ಅವರ ಹೆಂಡತಿ ಶುಯಿಂಗ್. ಆಕೆ ತೀರಿಕೊಂಡಾಗ ಯಾನ್‌ಗೆ ಐದು ವರ್ಷ. ಕಣ್ಣು ಪೂರ್ತಿ ಹೋಗುವ ಮೊದಲು ಹೆಂಡತಿಯ ಮುಖವನ್ನು ತೆರೆಯ ಮೇಲೆ ಜೀವಂತವಾಗಿ ಒಂದು ಸಲ ನೋಡಬೇಕೆಂಬುದು ಮೇಷ್ಟ್ರ ಆಸೆ. ಯಾನ್‌ಗೆ ಬೇಕಾದ್ದು ಅಮ್ಮನ ಧ್ವನಿ. ಮನೆಯಲ್ಲಿ ಅಮ್ಮನ ಫೋಟೊಗಳು ಬೇಕಾದಷ್ಟಿವೆ; ಧ್ವನಿ ಎಲ್ಲೂ ಇಲ್ಲ, ಅವಳ ನೆನಪಿನಲ್ಲೂ ಉಳಿದಿಲ್ಲ.

ಯಾನ್ ಶಾಲೆಯಲ್ಲಿ ಗಣಿತದ ಟೀಚರ್, ನನಗಿಂತ ಚೆನ್ನಾಗಿ ಡ್ರೈವ್ ಮಾಡುತ್ತಾಳೆ. ಆದರೂ ನನ್ನನ್ನು ಕರೆದಳು. "ಆಂಟಿ, ಐದು ಗಂಟೆ ನಾವಿಬ್ಬರೇ ಕಾರಲ್ಲಿ ಕೂತರೆ ಅರ್ಧ ದಾರೀಲಿ ಕಲಮಜೂ ಬರೋಷ್ಟರಲ್ಲಿ ಒಬ್ಬರು ಇಳಿದು ಬಸ್ ಹಿಡೀತೀವಿ. ನೀವಿದ್ರೆ ಅಪ್ಪ ಸ್ವಲ್ಪ ಮರ್ಯಾದೆಯಾಗಿರ್ತಾನೆ." ಅವಳು ಆಡುವುದು ಇಂಗ್ಲಿಷು, ಮೇಷ್ಟ್ರದೂ ಒಂದು ಬಗೆಯ ಇಂಗ್ಲಿಷೇ. ಇಲ್ಲಿ ನಾನು ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಸ್ಕೈವೇ ಸೇತುವೆಗೆ ಬಂದಾಗ ಎಂದಿನಂತೆ ಟೋಲನ್ನು ಬೈದೆ. ಎಂಟು ಮೈಲಿಯೂ ಇಲ್ಲದ ರಸ್ತೆಗೆ ಅಷ್ಟು ದುಡ್ಡು ಕೇಳುವುದು ಹಗಲುದರೋಡೆ. ಮೇಷ್ಟ್ರು ಮುಂದಿನ ಸೀಟಿನಲ್ಲಿ ತಲೆಯನ್ನು ಸ್ವಲ್ಪ ಬಲಕ್ಕೆ ವಾಲಿಸಿ ಕೂತಿದ್ದರು. ಕಣ್ಣಿನ ಅಂಚಿನಲ್ಲಿ ಇನ್ನೂ ಕಾಣುತ್ತದಂತೆ. ಆದ್ದರಿಂದ ಯಾವುದನ್ನು ನೋಡಬೇಕಾದರೂ ಅದರಿಂದ ಮುಖ ತಿರುಗಿಸಬೇಕು. ಗೊತ್ತಿಲ್ಲದವರಿಗೆ ಮುನಿಸಿಕೊಂಡಂತೆ ಕಾಣುತ್ತದೆ.

ಅವರನ್ನು ಮೇಷ್ಟ್ರು ಎಂದು ಕರೆಯತೊಡಗಿದವರು ನಾವೇ, ಶಿಕಾಗೋ ಕಡೆಯ ಕನ್ನಡ ನಾಟಕದವರು. ಹದಿನೈದು ವರ್ಷದ ಹಿಂದೆ ರಾಜ್ಯೋತ್ಸವದ ನಾಟಕಕ್ಕೆ ಒಂದು ಬಾಡಿಗೆ ಹಾಲಿನಲ್ಲಿ ರಿಹರ್ಸಲ್ ಮಾಡುತ್ತಿದ್ದೆವು. ಪಕ್ಕದ ಕೋಣೆಯಲ್ಲಿ ಚೀನೀ ಮಕ್ಕಳ ಭಾನುವಾರದ ಶಾಲೆ. ಇವರು ಅಲ್ಲಿ ಮಕ್ಕಳಿಗೆ ನಾಟಕ ಹೇಳಿಕೊಡುತ್ತಿದ್ದರು. ಒಂದು ದಿನ ಬಾಗಿಲಲ್ಲಿ ನಿಂತು ನಮ್ಮದನ್ನು ಅರ್ಧ ಗಂಟೆ ನೋಡಿ ಕೇಳಿದರು, "ನೀವೆಲ್ಲ ಯಾಕೆ ಸಾಲಾಗಿ ನಿಂತಿದ್ದೀರಿ? ಬಸ್ಸಿಗೆ ಕಾಯ್ತಿದ್ದೀರಾ?" ನಮ್ಮ ನಾಟಕಗಳಲ್ಲಿ ಮೂರು ಮೈಕು ಇಳಿಬಿಟ್ಟಿರುತ್ತಿದ್ದೆವು, ಗಂಡನಿಗೆ ಬೈಯಬೇಕಾದ ಹೆಂಡತಿ ಗಂಡನನ್ನು ಬಿಟ್ಟು ಮೈಕಿನ ಹತ್ತಿರ ಹೋಗಿ ಬೈಯುತ್ತಿದ್ದಳು. ಅವರು ಮೈಕು ತೆಗೆಸಿದರು. ಕನ್ನಡದ ಒಂದಕ್ಷರ ಬಾರದಿದ್ದರೂ ಆರು ವಾರ ಬಂದು ನಮ್ಮನ್ನು ತಿದ್ದಿದರು. "ನೀನು ಸುಳ್ಳು ಹೇಳ್ತಿದ್ದೀಯ, ನಿನ್ನ ಭುಜ ಹೇಳ್ತಿದೆ" ಎಂದು ನನ್ನನ್ನು ಒಂದೇ ಮಾತಿಗೆ ಹನ್ನೊಂದು ಸಲ ಕೂರಿಸಿ ಎಬ್ಬಿಸಿದ್ದರು. ನನಗೆ ಅಳು ಬಂದಿತ್ತು. ಆಮೇಲೆ ಆ ನಾಟಕ ನೋಡಿದವರು ಇವತ್ತಿಗೂ ಅದನ್ನು ನೆನೆಸುತ್ತಾರೆ.

ಇಂಡಿಯಾನಾದ ಉಕ್ಕಿನ ಕಾರ್ಖಾನೆಗಳ ಹೊಗೆ ಕಂಡಾಗ ಅವರು ತಾವಾಗಿಯೇ ಮಾತಿಗೆ ತೊಡಗಿದರು. ಅವರ ತಂದೆ ಉತ್ತರ ಚೀನಾದ ಒಂದು ಊರೂರು ಸುತ್ತುವ ನಾಟಕ ಮಂಡಳಿಯಲ್ಲಿ ಉಡುಪಿನ ಪೆಟ್ಟಿಗೆಗಳನ್ನು ಕಾಯುತ್ತಿದ್ದವರು. ಹುಡುಗ ಆ ಪೆಟ್ಟಿಗೆಗಳ ಮೇಲೆಯೇ ಮಲಗಿ ಬೆಳೆದ. ದೊಡ್ಡ ಊರಿನ ನಾಟಕ ಶಾಲೆ ಸೇರಿ, ಕಲಿತು ಹೊರಬಂದು ಎರಡು ನಾಟಕ ಆಡಿಸುವಷ್ಟರಲ್ಲಿ ಕಾಲ ಕೆಟ್ಟಿತು. ನಾಟಕದವರನ್ನೆಲ್ಲ ಹಳ್ಳಿಗಳಿಗೆ ಅಟ್ಟಿದರು. ಇವರ ಪಾಲಿಗೆ ಬಂದದ್ದು ಹಂದಿ ಸಾಕುವ ಕೆಲಸ.

"ಆರು ವರ್ಷ. ಮರೆತುಹೋಗಬಾರದು ಅಂತ ಹಂದಿಗಳ ಮುಂದೆ ಇಡೀ ನಾಟಕ ಹೇಳ್ತಿದ್ದೆ. ಒಳ್ಳೆ ಪ್ರೇಕ್ಷಕರು ಪದ್ಮಾ. ನಿಮ್ಮವರ ಹಾಗೆ ಮಧ್ಯದಲ್ಲಿ ಎದ್ದು ಊಟದ ಕ್ಯೂಗೆ ಹೋಗ್ತಿರಲಿಲ್ಲ."

ನಾನು ನಕ್ಕೆ. ಹಿಂದಿನಿಂದ ಯಾನ್, "ಇದು ನೂರನೇ ಸಲ" ಎಂದಳು.

ಹಂದಿಗಳಿಂದ ಬಿಡುಗಡೆಯಾದ ಮೇಲೆ ಒಂದು ಜಿಲ್ಲಾ ನಾಟಕ ತಂಡ ಸೇರಿದರು. ಅಲ್ಲಿಗೆ ದಕ್ಷಿಣದ ಹೊಳೆದಂಡೆಯ ಊರೊಂದರಿಂದ ಬಂದವಳು ಶುಯಿಂಗ್. ಮದುವೆಯಾದರು. ಆಮೇಲೆ ಒಂದು ಸಿನಿಮಾ ತೆಗೆಯಲು ಅವಕಾಶ ಸಿಕ್ಕಿತು. ಹೊಳೆಯಲ್ಲಿ ದೋಣಿ ನಡೆಸುವ ಹೆಂಗಸೊಬ್ಬಳ ಕತೆ. ಸೇತುವೆ ಕಟ್ಟಿ ಮುಗಿಯುತ್ತದೆ, ಅವಳ ದೋಣಿಗೆ ಜನ ಬರುವುದು ನಿಲ್ಲುತ್ತದೆ. ಫಿಲ್ಮು ಅಳೆದು ಕೊಡುತ್ತಿದ್ದ ಕಾಲ, ಒಂದು ದೃಶ್ಯಕ್ಕೆ ಎರಡಕ್ಕಿಂತ ಹೆಚ್ಚು ಸಲ ತೆಗೆಯುವಂತಿರಲಿಲ್ಲ. ಕೆಲವು ವಾರ ಓಡಿತು. ಕೊನೆ ಮಂಕಾಗಿದೆ ಎಂದು ಮೇಲಿನವರಿಗೆ ಹಿಡಿಸಲಿಲ್ಲ, ಎತ್ತಿಟ್ಟರು. ಎರಡು ವರ್ಷದ ಮೇಲೆ ಮಿಷಿಗನ್‌ನ ಕಾಲೇಜೊಂದು ತೋರಿಸಲು ಕೇಳಿದಾಗ ಒಂದು ಸಣ್ಣ ಅಳತೆಯ ಪ್ರಿಂಟು ಹಿಡಿದುಕೊಂಡು ಬಂದರು. ಹಿಂದೆಯೇ ಹೆಂಡತಿ, ಮಗು ಬಂದರು. ಮೂವರೂ ಇಲ್ಲೇ ಉಳಿದರು.

ಮಿಷಿಗನ್ ಗಡಿ ದಾಟಿದೊಡನೆ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ನ್ಯೂ ಬಫಲೋದ ರೆಸ್ಟ್ ಏರಿಯಾದಲ್ಲಿ ಕಾರಿನಲ್ಲೇ ಕೂತು ಊಟ ಮಾಡಿದೆವು. ಮೇಷ್ಟ್ರು ಪುಳಿಯೋಗರೆ ಎರಡು ಸಲ ಹಾಕಿಸಿಕೊಂಡರು, ಮೊಸರನ್ನವನ್ನು ಮಾತ್ರ ಎಂದಿನಂತೆ ಸಂಶಯದಿಂದ ನೋಡಿದರು. ಅಲ್ಲಿಂದ ಮುಂದೆ ಮಿಷಿಗನ್ ಸರೋವರದ ಕಡೆಯಿಂದ ಹಿಮ ಬೀಳತೊಡಗಿತು. ಬೆಂಟನ್ ಹಾರ್ಬರ್‌ವರೆಗೂ ನಲವತ್ತರ ವೇಗದಲ್ಲಿ ಲಾರಿಗಳ ಹಿಂದೆ ತೆವಳಿದೆವು. ಕಲಮಜೂ ದಾಟಿದ ಮೇಲೆ ಬಿಸಿಲು ಬಂತು. ಆನ್ ಆರ್ಬರ್ ಹತ್ತಿರ ಉತ್ತರಕ್ಕೆ ತಿರುಗಿ, ಬ್ರೈಟನ್ ಮೇಲೆ ಹಾಯ್ದು, ವಿಕ್ಸಮ್ ಎಕ್ಸಿಟ್ ತೆಗೆದುಕೊಂಡಾಗ ನಾಲ್ಕು ಗಂಟೆಯಾಗಿತ್ತು.

ವಿಕ್ಸಮ್‌ನಲ್ಲಿ ನೋಡುವಂಥದ್ದೇನೂ ಇಲ್ಲ. ಚಪ್ಪಟೆ ಮಾಡಿನ ವರ್ಕ್‌ಶಾಪುಗಳು, ಅವುಗಳ ಮುಂದೆ ಪಿಕಪ್ ಟ್ರಕ್ಕುಗಳು, ಆಚೆಗೆ ಒಂದೇ ಥರದ ಮನೆಗಳ ಸಬ್‌ಡಿವಿಷನ್‌ಗಳು. ಒಂದು ಕಡೆ ಮೇಷ್ಟ್ರು ನಿಧಾನ ಮಾಡಲು ಹೇಳಿದರು. ಈ ದೇಶದಲ್ಲಿ ಉಳಿದ ಮೊದಲ ಮೂರು ವರ್ಷ ಅವರು ಬ್ರೇಕಿನ ಭಾಗಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ ಶೆಡ್ಡು ಅದು. "ಬಾಗಿಲು ಇನ್ನೂ ನೀಲಿಯಾ?" ಎಂದು ಕೇಳಿದರು. "ಬೂದು" ಎಂದಳು ಯಾನ್. ಇಡೀ ನಾಟಕ ತಂಡವನ್ನು ಕುಣಿಸಿದ ಮನುಷ್ಯ ಇಲ್ಲಿ ಮೂರು ವರ್ಷ ರಟ್ಟಿನ ಪೆಟ್ಟಿಗೆ ಮಡಚಿದರಲ್ಲ ಎಂದು ನನಗೆ ಸಂಕಟವಾಯಿತು. ಅವರು ಮಾತ್ರ ಸುಮ್ಮನೆ ತಲೆಯಾಡಿಸಿದರು.

ಡಬ್ಬಿಗಳನ್ನು ಕಾಯ್ದಿಟ್ಟ ಶಕುಂತಲಕ್ಕ ಮತ್ತು ಅವರ ಗಂಡ ಬಸವರಾಜ ಅವರದು ಗದಗಿನ ಕಡೆ. ಆಕೆ ಮಕ್ಕಳ ಡಾಕ್ಟರಾಗಿದ್ದವರು, ಅವರು ಟೂಲ್ ಎಂಜಿನಿಯರ್. ಈಗ ಇಬ್ಬರೂ ನಿವೃತ್ತರು. ನಾನು ಡೆಟ್ರಾಯಿಟ್ ಕಡೆ ಇದ್ದ ಕಾಲದ ಸ್ನೇಹ. ನಾನು ಅಲ್ಲಿಗೆ ಬರುವುದಕ್ಕೂ ಮೊದಲು ಶುಯಿಂಗ್ ಕುಟುಂಬ ಇವರ ಪಕ್ಕದ ಮನೆಯಲ್ಲಿತ್ತು. ಶುಯಿಂಗ್ ಕಾಯಿಲೆ ಬಿದ್ದಾಗ ಯಾನ್‌ಗೆ ಊಟ ಹಾಕಿದ್ದು, ಸ್ನಾನ ಮಾಡಿಸಿದ್ದು ಶಕುಂತಲಕ್ಕ. ಶುಯಿಂಗ್ ತೀರಿಕೊಂಡ ಮೇಲೆ ಮೇಷ್ಟ್ರು ಮಗುವನ್ನು ಕರೆದುಕೊಂಡು ಸ್ಕೋಕಿಯ ಒಂದೇ ಕೋಣೆಯ ಮನೆಗೆ ಹೊರಟಾಗ ಡಬ್ಬಿಗಳನ್ನು ಇವರ ಕೈಗೆ ಕೊಟ್ಟರು. ಇವರು ಅದೇ ಊರಿನಲ್ಲಿ ಎರಡು ಮನೆ ಬದಲಿಸಿದರೂ ಡಬ್ಬಿಗಳನ್ನು ಜೊತೆಯಲ್ಲೇ ಒಯ್ದರು.

"ಬರ್ರಿ, ಬರ್ರಿ ಒಳಗ. ದಾರ್ಯಾಗ ಭಾಳ ತ್ರಾಸಾತೇನು? ಯಾನ್, ಬಾ ನನ್ನ ಕೂಸ, ಎಷ್ಟ ಸೊರಗೀದಿ" ಎಂದು ಶಕುಂತಲಕ್ಕ ಯಾನ್‌ಳನ್ನು ಅಪ್ಪಿಕೊಂಡರು. ಅವಳಿಗೆ ಒಂದು ಮಾತೂ ತಿಳಿಯದಿದ್ದರೂ ಅಪ್ಪಿಸಿಕೊಂಡು ನಿಂತಳು. ಬಸವರಾಜ ಅವರಿಗೆ ಚಹಾ ಕುಡಿಯುವಷ್ಟೂ ತಾಳ್ಮೆಯಿರಲಿಲ್ಲ. ಯಾವುದೋ ಶಾಲೆ ಮಾರಿದ ಹಳೆಯ ಪ್ರೊಜೆಕ್ಟರ್ ತಂದು, ಎರಡು ತಿಂಗಳು ಬಿಚ್ಚಿ ಕೂಡಿಸಿ ರಿಪೇರಿ ಮಾಡಿದ್ದರು. ಬೇಸ್‌ಮೆಂಟಿನ ಗೋಡೆಗೆ ಬಿಳಿ ಬೆಡ್‌ಶೀಟು, ಅದರ ಮುಂದೆ ಐದು ಕುರ್ಚಿ.

ಕಪಾಟಿನಿಂದ ಶಕುಂತಲಕ್ಕ ಗಂಟು ತಂದು ಮೇಜಿನ ಮೇಲಿಟ್ಟರು. ಮೇಲೆ ದಪ್ಪ ಪ್ಲಾಸ್ಟಿಕ್ಕು, ಸುತ್ತ ಅಗಲವಾದ ಟೇಪು. ಅದರೊಳಗೆ ಹಳೆಯ ಇಳಕಲ್ ಸೀರೆ. ಸೀರೆಯೊಳಗೆ ಮತ್ತೆ ಪ್ಲಾಸ್ಟಿಕ್ಕು, ನುಸಿಗುಳಿಗೆ. ರೇಷ್ಮೆ ಸೀರೆಯನ್ನು ನಾವು ಹೇಗೆ ಎತ್ತಿಡುತ್ತೇವೋ ಹಾಗೆ, ಗಾಳಿಯ ಸುಳಿವೂ ತಾಗದಂತೆ ಕಟ್ಟಿದ್ದರು. "ಮೂವತ್ತ ವರ್ಷ ಒಂದ ಇರವಿ ಸೈತ ಹೋಗಿಲ್ಲ ನೋಡವಾ ಪದ್ಮಾ" ಎಂದರು ಹೆಮ್ಮೆಯಿಂದ.

ಬಸವರಾಜ ಅವರು ಟೇಪು ಕತ್ತರಿಸಿದೊಡನೆ ಹುಳಿ ವಾಸನೆ ಮೂಗಿಗೆ ಹೊಡೆಯಿತು. ನಾವೆಲ್ಲ ಹಿಂದೆ ಸರಿದೆವು. ಮೇಷ್ಟ್ರು ಮಾತ್ರ ಮುಂದೆ ಬಂದು, ಮೊದಲ ಡಬ್ಬಿಯ ಮುಚ್ಚಳದ ಮೇಲೆ ಕೈಯಿಟ್ಟು ಹಾಗೇ ನಿಂತರು.

"ಈ ವಾಸನಿ ನಾಕೈದು ವರ್ಷದಿಂದ ಐತಿ" ಎಂದರು ಶಕುಂತಲಕ್ಕ. "ನಮ್ಮ ಉಪ್ಪಿನಕಾಯಿ ಕೆಟ್ಟೈತಿ ಅಂತ ತಿಳ್ಕೊಂಡ್ನಿ. ಎರಡ ಸಲ ಭರಣಿ ಎಲ್ಲಾ ಚೆಲ್ಲಿ ತೊಳದ್ನಿ. ಹೋಗಲೇ ಇಲ್ಲ."

ಮೇಷ್ಟ್ರು ನಿಧಾನವಾಗಿ ಹೇಳಿದರು. ಈ ಬಗೆಯ ಫಿಲ್ಮು ವಯಸ್ಸಾದಂತೆ ಹುಳಿ ಬಿಡುತ್ತದೆ. ಗಾಳಿ ಆಡುತ್ತಿದ್ದರೆ ಆ ಹುಳಿ ಹೊರಗೆ ಹೋಗುತ್ತದೆ, ಬಿಗಿಯಾಗಿ ಮುಚ್ಚಿಟ್ಟರೆ ಒಳಗೇ ಉಳಿದು ಫಿಲ್ಮನ್ನೇ ತಿನ್ನುತ್ತದೆ. ಇದನ್ನು ಅವರು ಯಾರನ್ನೂ ದೂಷಿಸದ ಧ್ವನಿಯಲ್ಲಿ ಹೇಳಿದರು, ಆದರೂ ಶಕುಂತಲಕ್ಕನ ಮುಖ ನೋಡಲಾಗಲಿಲ್ಲ.

"ಅಂದ್ರ ನಾನ ಕೊಂದ್ನಿ" ಎಂದು ಅವರು ಕುರ್ಚಿಯಲ್ಲಿ ಕುಸಿದು ಕೂತು ಅತ್ತರು. "ಜ್ವಾಕಿ ಮಾಡಿ ಮಾಡಿ ಕೊಂದ್ನಿ."

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಬೇಕಾಗಲಿಲ್ಲ. ಮೇಷ್ಟ್ರು ಆಕೆಯ ಮುಂದೆ ಹೋಗಿ, ಎರಡೂ ಕೈ ಕೆಳಗಿಟ್ಟು, ಸೊಂಟದವರೆಗೆ ಬಾಗಿ ವಂದಿಸಿದರು. "ನನ್ನ ಹತ್ತಿರ ಇದ್ದಿದ್ದರೆ ಮೊದಲ ಚಳಿಗಾಲದಲ್ಲೇ ಎಸೆದುಬಿಡ್ತಿದ್ದೆ. ಆಗ ನನಗೆ ಯಾವುದೂ ಬೇಕಾಗಿರಲಿಲ್ಲ" ಎಂದರು.

ಒಂದನೇ ಮತ್ತು ಎರಡನೇ ಡಬ್ಬಿಯಲ್ಲಿ ಫಿಲ್ಮು ಸುರುಳಿಯಾಗಿ ಉಳಿದಿರಲಿಲ್ಲ, ಬೆಲ್ಲದ ಅಚ್ಚಿನಂತೆ ಒಂದೇ ಗಟ್ಟಿಯಾಗಿತ್ತು. ನಾಲ್ಕನೆಯದು ಮುಟ್ಟಿದರೆ ಪುಡಿಯಾಗುತ್ತಿತ್ತು. ಮೂರನೆಯದರಲ್ಲಿ ಜೀವವಿತ್ತು. ಬಸವರಾಜ ಅವರು ಉಸಿರು ಬಿಗಿಹಿಡಿದು ಅದರ ತುದಿಯನ್ನು ಒಂದು ಮೊಳದಷ್ಟು ಬಿಡಿಸಿದರು. ಅಷ್ಟಕ್ಕೇ ಚಟ್ಟೆಂದು ಮುರಿಯಿತು. ಪ್ರೊಜೆಕ್ಟರಿಗೆ ಹಾಕಿದರೆ ಹಲ್ಲುಗಳು ಹರಿದುಹಾಕುತ್ತವೆ ಎಂದು ಅವರೇ ಹೇಳಿ, ಎರಡು ತಿಂಗಳ ದುಡಿಮೆಯ ಮೇಲೆ ಟವೆಲು ಮುಚ್ಚಿದರು.

ಮುರಿದ ತುಂಡನ್ನಾದರೂ ನೋಡೋಣವೆಂದು ಶಕುಂತಲಕ್ಕ ಕಣ್ಣೊರೆಸಿಕೊಂಡು ಎದ್ದರು. ಕ್ಲಿನಿಕ್ಕಿನ ಕಾಲದ ಎಕ್ಸ್‌ರೇ ನೋಡುವ ದೀಪದ ಪೆಟ್ಟಿಗೆ ಮನೆಯಲ್ಲಿತ್ತು. ಅದರ ಬಿಳಿ ಗಾಜಿನ ಮೇಲೆ ತುಂಡನ್ನು ಮಲಗಿಸಿ ಭೂತಗನ್ನಡಿ ಹಿಡಿದರು. ಮೇಷ್ಟ್ರು ಮುಖ ಬಲಕ್ಕೆ ತಿರುಗಿಸಿ ಬಹಳ ಹೊತ್ತು ಬಾಗಿದ್ದರು. ಆಮೇಲೆ ನಾವು ಒಬ್ಬೊಬ್ಬರಾಗಿ ನೋಡಿದೆವು. ಉಗುರಿನಷ್ಟು ಸಣ್ಣ ಚಿತ್ರಗಳು, ಎಲ್ಲದರಲ್ಲೂ ಅದೇ: ಹೊಳೆ, ಮಂಜು, ಕಟ್ಟಿದ ದೋಣಿ. ಮನುಷ್ಯರು ಯಾರೂ ಇಲ್ಲ.

"ಅವಳು ಎಡಗಡೆಯಿಂದ ಬರ್ತಾಳೆ" ಎಂದರು ಮೇಷ್ಟ್ರು. "ಇನ್ನೇನು ಬರಬೇಕು."

ಆ ಸಂಜೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯಿದ್ದ ಊಟವನ್ನು ಯಾರೂ ಹೊಗಳಲಿಲ್ಲ. ಗದಗಿನ ಮನೆಯಲ್ಲಿ ಅದೊಂದು ದುರಂತವೇ.

ಭಾನುವಾರ ಬೆಳಿಗ್ಗೆ ನಾನು ಕೆಳಗೆ ಬರುವಷ್ಟರಲ್ಲಿ ಯಾನ್ ಲ್ಯಾಪ್‌ಟಾಪ್ ಹಿಡಿದು ಊಟದ ಮೇಜಿಗೆ ಕೂತಿದ್ದಳು. ಇಂಥ ಫಿಲ್ಮನ್ನು ಉಳಿಸುವ ಲ್ಯಾಬುಗಳಿವೆ. ತಿಂಗಳುಗಟ್ಟಲೆ ಹಿಡಿಯುತ್ತದೆ, ಖಾತರಿಯಿಲ್ಲ. ಅಷ್ಟು ಹೊತ್ತಿಗೆ ಅಪ್ಪನ ಕಣ್ಣು ಇರುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. "ಆದರೆ ಫಿಲ್ಮಿನ ಅಂಚಿನಲ್ಲಿ ಧ್ವನಿಯ ಪಟ್ಟಿ ಇರುತ್ತೆ. ಚಿತ್ರ ಹಾಳಾಗಿದ್ರೂ ಧ್ವನಿ ತೆಗೀಬಹುದಂತೆ. ಮೊದಲು ಧ್ವನಿ ತೆಗೀರಿ ಅಂತ ಹೇಳೋಣ. ಕಿವಿ ಚೆನ್ನಾಗಿದೆಯಲ್ಲಪ್ಪಾ ನಿಂದು, ನೀನೂ ಕೇಳಬಹುದು."

ಮೇಷ್ಟ್ರು ಬಟ್ಟಲಿನಲ್ಲಿದ್ದ ಉಪ್ಪಿಟ್ಟನ್ನು ಚಮಚದಲ್ಲಿ ಸರಿಸುತ್ತಿದ್ದರು. "ಧ್ವನಿ ಬೇಡ" ಎಂದರು. "ಚಿತ್ರ ಸಿಕ್ಕಿದರೆ ನೀನು ನೋಡು. ಸಾಕು."

"ನಿನಗೆ ಯಾವಾಗಲೂ ಚಿತ್ರವೇ. ನಾನು ಹನ್ನೆರಡು ವರ್ಷದವಳಿದ್ದಾಗಿಂದ ಕೇಳ್ತಿದೀನಿ, ವಿಕ್ಸಮ್‌ಗೆ ಹೋಗಿ ಅಮ್ಮನ ಧ್ವನಿ ಕೇಳೋಣ ಅಂತ. ಆಗೆಲ್ಲ ನೀನು ರಜೆ ಇಲ್ಲ, ಪ್ರೊಜೆಕ್ಟರ್ ಇಲ್ಲ ಅಂತಿದ್ದೆ. ಈಗ ನಿನ್ನ ಕಣ್ಣಿಗೋಸ್ಕರ ನೀನು ಹೊರಟೆ. ಧ್ವನಿಯಾದರೂ ನಂಗೆ ಬಿಟ್ಟುಕೊಡು."

ಮೇಷ್ಟ್ರು ಚೀನಿಯಲ್ಲಿ ಏನೋ ಹೇಳತೊಡಗಿದರು. "ಇಂಗ್ಲಿಷಲ್ಲಿ ಹೇಳು. ಎಲ್ಲರಿಗೂ ಕೇಳಲಿ" ಎಂದಳು ಯಾನ್.

ಅವರು ಚಮಚ ಕೆಳಗಿಟ್ಟರು. "ಅದು ನಿನ್ನ ಅಮ್ಮನ ಧ್ವನಿ ಅಲ್ಲ."

ಅಡುಗೆಮನೆಯಲ್ಲಿ ಶಕುಂತಲಕ್ಕ ನಲ್ಲಿ ನಿಲ್ಲಿಸಿದರು.

ಆಗಿನ ಅಲ್ಲಿಯ ಸಿನಿಮಾಗಳಲ್ಲಿ ಮಾತನ್ನು ಆಮೇಲೆ ಸೇರಿಸುತ್ತಿದ್ದರಂತೆ. ಶುಯಿಂಗ್‌ಳದು ದಕ್ಷಿಣದ ಹೊಳೆದಂಡೆಯ ಮಾತು, ಅದರ ಏರಿಳಿತವೇ ಬೇರೆ. ಉತ್ತರದ ಜನ ಕೇಳಿ ನಗುತ್ತಾರೆ ಎಂದು ಸ್ಟುಡಿಯೋದವರು ಹಟ ಹಿಡಿದರು. ಮೇಷ್ಟ್ರು ಒಪ್ಪಿಕೊಂಡರು. ಬೇರೆ ನಟಿಯೊಬ್ಬಳು ಬಂದು ಇಡೀ ಸಿನಿಮಾಕ್ಕೆ ಧ್ವನಿ ಕೊಟ್ಟಳು. "ಶುಯಿಂಗ್ ಎರಡು ದಿನ ಅವಳ ಪಕ್ಕದಲ್ಲೇ ಕೂತಿದ್ದಳು. ಎಲ್ಲಿ ಉಸಿರು ತಗೋಬೇಕು ಅಂತ ಹೇಳಿಕೊಟ್ಟಳು. ಮನೆಗೆ ಬಂದು ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ನಾನು ಹೋರ್ಡಿಂಗಿಗೆ ಅವಳ ಮುಖ ದೊಡ್ಡದಾಗಿ ಬರೆಸಿದೆ."

ನಮ್ಮ ಕನ್ನಡ ಸಿನಿಮಾದಲ್ಲೂ ಇದು ಹೊಸದೇನಲ್ಲ. ಮುಂಬೈಯಿಂದ ಬಂದ ನಾಯಕಿ ತುಟಿ ಆಡಿಸುತ್ತಾಳೆ, ಡಬ್ಬಿಂಗ್ ಕೋಣೆಯಲ್ಲಿ ಕೂತ ಇನ್ಯಾರೋ ಮಾತಾಡುತ್ತಾರೆ. ಎಲ್ಲರಿಗೂ ಗೊತ್ತು, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆ ತುಟಿಗಳ ಹಿಂದಿನ ದನಿಗಾಗಿ ಕಾಯುವ ಮಗುವೊಂದು ಎಲ್ಲೋ ಇರಬಹುದೆಂದು ನಾನು ಯಾವತ್ತೂ ಯೋಚಿಸಿದವಳಲ್ಲ.

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?" ಎಂದಳು ಯಾನ್. ಅವಳ ದನಿ ಏರಿರಲಿಲ್ಲ, ಏರಿದ್ದರೆ ಚೆನ್ನಾಗಿತ್ತು.

"ಆ ಡಬ್ಬಿಯಲ್ಲಿ ಅಮ್ಮ ಇದ್ದಾಳೆ ಅಂತ ನೀನು ನಂಬಿದ್ದೆ. ಅದನ್ನ ಕಿತ್ತುಕೊಂಡರೆ ಬದಲಿಗೆ ಕೊಡೋಕೆ ನನ್ನ ಹತ್ತಿರ ಏನೂ ಇರಲಿಲ್ಲ."

ಯಾನ್ ಎದ್ದು ಕೋಟು ಕೂಡ ಹಾಕಿಕೊಳ್ಳದೆ ಹೊರಗೆ ಹೋದಳು. ಶಕುಂತಲಕ್ಕ ಕೋಟು ಹಿಡಿದು ಹಿಂದೆ ಓಡಿದರು, ನಾನು ಅವರ ಹಿಂದೆ. ಸಬ್‌ಡಿವಿಷನ್ನಿನ ಕೊಳದ ಹತ್ತಿರ ಅವಳು ನಿಂತಿದ್ದಳು. "ಡಾಕ್ಟರ್ ಆಂಟಿ, ನೀವು ದಿನಾ ನೋಡ್ತಿದ್ರಿ. ಅವಳ ಧ್ವನಿ ಹೇಗಿತ್ತು?" ಎಂದು ಕೇಳಿದಳು.

ಶಕುಂತಲಕ್ಕ ಸುಳ್ಳು ಹೇಳುವವರಲ್ಲ. ನೆನಪು ಮಾಡಿಕೊಳ್ಳಲು ನೋಡಿ ಸೋತರು. "ಆಕೀಗೆ ಇಂಗ್ಲಿಷ್ ಬರ್ತಿದ್ದಿಲ್ಲ, ನನಗ ಚೀನಿ ಬರ್ತಿದ್ದಿಲ್ಲ. ಕೈಲೇನ ಮಾತಾಡ್ತಿದ್ವಿ" ಎಂದು, ಅವಳ ಮುಖ ನೋಡಿ ಹೇಳಲಾಗದೆ, ಕನ್ನಡದಲ್ಲಿ ನನಗೆ ಹೇಳಿದರು. ಇದನ್ನು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಯಾನ್ ಕೋಟಿಗೆ ಒಂದು ತೋಳು ಮಾತ್ರ ತೂರಿಸಿ, ಇನ್ನೊಂದನ್ನು ತೂರಿಸುವುದನ್ನು ಮರೆತು ನಡೆದಳು.

ಹನ್ನೊಂದಕ್ಕೆ ಹೊರಟೆವು. ಡಬ್ಬಿಗಳನ್ನು ಲ್ಯಾಬಿಗೆ ಕಳಿಸುವುದೆಂದು ಆಗಿತ್ತು; ಮುಚ್ಚಳ ಸಡಿಲಿಸಿ ಒಂದು ಬುಟ್ಟಿಯಲ್ಲಿಟ್ಟು ಕಾರಿನ ಹಿಂಭಾಗಕ್ಕೆ ಹಾಕಿದೆವು. ಶಕುಂತಲಕ್ಕ ದಾರಿಗೆ ಚಪಾತಿ, ಪಲ್ಯ, ಸಿಹಿಗೆ ಮಾದ್ಲಿ ಕಟ್ಟಿಕೊಟ್ಟರು. ಬಸವರಾಜ ಅವರು ಮೇಷ್ಟ್ರ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡೇ ನನಗೆ "ಟಯರ್‌ದಾಗ ಗಾಳಿ ಚೆಕ್ ಮಾಡೇನ್ರಿ" ಎಂದರು.

ಹುಳಿ ವಾಸನೆಗೆ ಕಿಟಕಿ ಎರಡು ಬೆರಳಷ್ಟು ಇಳಿಸಬೇಕಾಯಿತು. ಹೊರಗಿನ ಚಳಿ ಕುತ್ತಿಗೆಗೆ ಬಡಿಯುತ್ತಿತ್ತು. ಆನ್ ಆರ್ಬರ್, ಜ್ಯಾಕ್ಸನ್, ಬ್ಯಾಟಲ್ ಕ್ರೀಕ್; ನೂರು ಮೈಲಿಗೂ ಹೆಚ್ಚು ದೂರ ಕಾರಿನಲ್ಲಿ ಅವರಿಬ್ಬರೂ ಬಾಯಿ ಬಿಡಲಿಲ್ಲ. ನಾನು ಮಾತುಗಾತಿ. ಹವಾಮಾನ, ಪೆಟ್ರೋಲಿನ ಬೆಲೆ, ಮುಂದಿನ ಲಾರಿಯ ಅವತಾರ ಎಲ್ಲವನ್ನೂ ಎತ್ತಿ ನೋಡಿದೆ. ಒಂದೂ ಹತ್ತಿಕೊಳ್ಳಲಿಲ್ಲ. ಮಗಳು ತಂದೆಯನ್ನು ಕ್ಷಮಿಸದೆ ಸ್ಕೋಕಿ ಸೇರಿದರೆ, ಆ ಸಣ್ಣ ಮನೆಯಲ್ಲಿ ಈ ಚಳಿಗಾಲವನ್ನು ಇಬ್ಬರೂ ಹೇಗೆ ಕಳೆಯುತ್ತಾರೆಂದು ನನಗೆ ಹೆದರಿಕೆಯಾಗುತ್ತಿತ್ತು.

ಕಲಮಜೂ ಆದ ಮೇಲೆ ಒಂದು ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿದೆ. ನಲವತ್ತೆರಡು ಡಿಗ್ರಿ, ಎಳೆಬಿಸಿಲು. ಕಾರಿನ ವಾಸನೆಯಿಂದ ತಪ್ಪಿಸಿಕೊಂಡರೆ ಸಾಕೆಂದು ಹೊರಗಿನ ಮರದ ಮೇಜಿನ ಮೇಲೆಯೇ ಊಟ ಬಿಚ್ಚಿದೆ. ಯಾನ್ ಇಳಿದವಳೇ ಹುಲ್ಲು ದಾಟಿ ದೂರದ ಬೇಲಿಯ ಹತ್ತಿರ ಹೋಗಿ ನಿಂತಳು. ಬೇಲಿಯಾಚೆ ಎಲೆ ಉದುರಿದ ದ್ರಾಕ್ಷಿ ತೋಟ. ತಟ್ಟೆಗಳಿಗೆ ಬಡಿಸಿ, "ಯಾನ್, ಬಾಮ್ಮಾ" ಎಂದು ಎರಡು ಸಲ ಕರೆದೆ. ಹೆದ್ದಾರಿಯ ಸದ್ದಿಗೆ ಕೇಳಿಸಿತೋ ಇಲ್ಲವೋ, ತಿರುಗಲಿಲ್ಲ.

ಪಕ್ಕದಲ್ಲಿ ಯಾರೋ ಹೆಂಗಸು ಕೂಗಿದಳೆಂದು ನಾನು ಬೆಚ್ಚಿ ನೋಡಿದೆ. ಮೇಷ್ಟ್ರು ಎದ್ದು ನಿಂತಿದ್ದರು. ಅವರು ಕರೆದ ಮಾತು ನನಗೆ ತಿಳಿಯದು, ಊಟಕ್ಕೆ ಕರೆದರೆಂದು ಮಾತ್ರ ಗೊತ್ತಾಯಿತು. ಹೆಸರನ್ನು ಮೇಲಕ್ಕೆ ಎಳೆದು, ಅಲ್ಲೇ ತೂಗಿ, ಕೊನೆಯ ತುಣುಕನ್ನು ಒಮ್ಮೆ ಕೆಳಗಿಳಿಸಿ ಮತ್ತೆ ಎತ್ತಿದರು. ಹದಿನೈದು ವರ್ಷದಲ್ಲಿ ಅವರ ಬಾಯಿಂದ ಅಂಥ ಸ್ವರ ನಾನು ಕೇಳಿರಲಿಲ್ಲ.

ಯಾನ್ ತಟ್ಟನೆ ತಿರುಗಿ ನಾಲ್ಕು ಹೆಜ್ಜೆ ಬಂದಳು. ಬಂದವಳು ನಿಂತುಬಿಟ್ಟಳು. ಆಮೇಲೆ ನಿಧಾನವಾಗಿ ಮೇಜಿನವರೆಗೆ ಬಂದು, ಕೂರದೆ, ಕೇಳಿದಳು.

"ಅಪ್ಪಾ, ನೀನು ಉತ್ತರದವನು. ನಿಮ್ಮೂರಲ್ಲಿ ಊಟಕ್ಕೆ ಹೀಗೆ ಕರೀತಾರಾ?"

"ಇಲ್ಲ."

"ಮತ್ತೆ ನೀನು ದಿನಾ ಹೀಗೇ ಕರೀತೀಯಲ್ಲ. ನಾನು ಚಿಕ್ಕವಳಿದ್ದಾಗಿಂದ."

ಮೇಷ್ಟ್ರು ಮುಖವನ್ನು ಬಲಕ್ಕೆ ತಿರುಗಿಸಿ ಅವಳನ್ನು ನೋಡಲು ಪ್ರಯತ್ನಪಟ್ಟರು. "ಅವಳು ಹಾಗೆ ಕರೀತಿದ್ದಳು. ಅವಳೂರಲ್ಲಿ ಮಕ್ಕಳು ಆಚೆ ದಡದಲ್ಲಿ ಆಡ್ತಿರ್ತಾರೆ, ಹೊಳೆ ದಾಟಿ ಕೇಳಬೇಕಲ್ಲ. ಅವಳು ಹೋದ ಮೇಲೆ ನಾನು ನನ್ನ ಥರಾನೇ ಕರೆದೆ. ನೀನು ಬರಲಿಲ್ಲ. ಕಿಟಕಿ ಹತ್ತಿರ ನಿಂತೇ ಇದ್ದೆ, ಊಟ ಬಿಟ್ಟೆ. ಒಂದು ದಿನ ಅವಳ ಥರ ಕರೆದು ನೋಡಿದೆ. ನೀನು ಬಂದು ಉಂಡೆ. ಹಾಗೇ ಆಯಿತು."

"ಅವಳ ಥರ ಅಂದರೆ ಎಷ್ಟು ಅವಳ ಥರ?"

ಅವರು ಯೋಚಿಸಿ ಉತ್ತರ ಕೊಟ್ಟರು, ರಿಹರ್ಸಲಿನಲ್ಲಿ ಕೊಡುತ್ತಿದ್ದ ಹಾಗೆ. "ಗಂಟಲು ನನ್ನದು. ಉಳಿದದ್ದೆಲ್ಲ ಅವಳದು."

"ಬೆಳಿಗ್ಗೆ ಹೇಳಿದೆಯಲ್ಲ, ಕೊಡೋಕೆ ಏನೂ ಇರಲಿಲ್ಲ ಅಂತ."

"ಊಟಕ್ಕೆ ಕರೆಯೋದು" ಎಂದರು ಮೇಷ್ಟ್ರು, ನಿಜವಾಗಿಯೂ ಅರ್ಥವಾಗದವರಂತೆ. "ಅದರಲ್ಲಿ ಹೇಳೋದೇನಿದೆ?"

ಯಾನ್ ನಾನು ಚಾಚಿದ ತಟ್ಟೆಯನ್ನು ತೆಗೆದುಕೊಂಡು ಮತ್ತೆ ಮೇಜಿನ ಮೇಲಿಟ್ಟಳು. ಕೆನ್ನೆ ಒರೆಸಿಕೊಂಡು, ಬಂದ ದಾರಿಯಲ್ಲೇ ವಾಪಸು ನಡೆದಳು.

"ಎಲ್ಲಿ ಹೋದಳು?" ಎಂದು ಮೇಷ್ಟ್ರು ನನ್ನನ್ನು ಕೇಳಿದರು. ಅಷ್ಟು ದೂರ ಅವರಿಗೆ ಕಾಣುತ್ತಿರಲಿಲ್ಲ.

"ಬೇಲಿ ಹತ್ತಿರ ಹೋಗಿ ನಿಂತಿದ್ದಾಳೆ ಮೇಷ್ಟ್ರೇ. ನಮಗೆ ಬೆನ್ನು ಹಾಕಿ."

ಅವರು ಕೋಟಿನ ಗುಂಡಿ ಹಾಕಿಕೊಂಡು, ಮೇಜಿಗೆ ಕೈಯೂರಿ ನಿಂತು ಮತ್ತೆ ಅದೇ ಸ್ವರದಲ್ಲಿ ಕರೆದರು. ಅವಳು ಕತ್ತು ವಾಲಿಸಿ ಕೇಳಿಸಿಕೊಂಡಳು, ತಕ್ಷಣ ಬರಲಿಲ್ಲ. ಮೇಷ್ಟ್ರು ಇನ್ನೊಂದು ಸಲ ಕರೆದರು.